ಕೊಳವೆ ಸಮೇತ ಗುಂಡಿಗೆ

ಮುಚ್ಚಳ ತೆಗೆದ ಕೂಡಲೇ ಜೀವಶಾಸ್ತ್ರದ ಮೇಡಂ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿನ ಮೇಲಿಳಿಸಿ, ಡಬ್ಬಿಯೊಳಗೆ ಇನ್ನೊಮ್ಮೆ ನೋಡಿದರು. ಕನ್ನಡಕದ ತಪ್ಪೇನೂ ಇರಲಿಲ್ಲ. ಮಂಜುಗಡ್ಡೆಯ ಚೂರುಗಳ ಮೇಲೆ ಸಾಲಾಗಿ ಮಲಗಿದ್ದ ಕುರಿಯ ಗುಂಡಿಗೆಗಳು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಡಲು ಹೇಳಿ ಮಾಡಿಸಿದಂತಿದ್ದವು. ಕೊಬ್ಬಿನ ಎಳೆಯಿಲ್ಲ, ರಕ್ತದ ಕಲೆಯಿಲ್ಲ, ಮೇಲ್ಭಾಗವನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಿ ನುಣ್ಣಗೆ ಮಾಡಲಾಗಿತ್ತು. ಆ ಕತ್ತರಿಯಲ್ಲಿ ಹೋಗಿದ್ದು ಬೇರೇನೂ ಅಲ್ಲ, ಅಂದಿನ ಪಾಠ.

"ಮಹಾಪಧಮನಿ ಎಲ್ಲಿ?" ಎಂದು ಮೇಡಂ ಕೇಳಿದರು. "ಮಹಾಭಿಧಮನಿ? ಹೋಗ್ಲಿ, ಹೃತ್ಕರ್ಣಗಳಾದ್ರೂ ಇವೆಯಾ? ಅವೂ ಇಲ್ಲ. ರಕ್ತ ಒಳಗೆ ಬರೋ ದಾರಿ ಇಲ್ಲ, ಹೊರಗೆ ಹೋಗೋ ದಾರಿ ಇಲ್ಲ. ಈ ಕುರಿಗಳು ಅದು ಹೇಗೆ ಬದುಕಿದ್ವೋ."

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಿಡುಕಿ ಮಾತ್ರ ನಗಲಿಲ್ಲ. ಆ ಗುಂಡಿಗೆಗಳನ್ನು ಕಳಿಸಿದ್ದು ಅವಳ ಅಪ್ಪ, ಮಾರುಕಟ್ಟೆಯ ಮೂಲೆಯ ಮಾಂಸದಂಗಡಿಯವನು.

ಸಿಡುಕಿ ಎನ್ನುವುದು ಮನೆಯವರಿಟ್ಟ ಅಡ್ಡಹೆಸರು. ಹಾಲು ಕುಡಿಸಲು ಹೋದರೆ ಲೋಟ ತಳ್ಳುವ ಕೂಸಾಗಿದ್ದಾಗಲೇ ಇಟ್ಟದ್ದು. ಅಮ್ಮ ಒಮ್ಮೆ ಶಾಲೆಯ ಗೇಟಿನಲ್ಲಿ ನಿಂತು ಅದೇ ಹೆಸರು ಹಿಡಿದು ಕೂಗಿದ್ದರಿಂದ ಅಲ್ಲೂ ಅದೇ ಕಾಯಂ ಆಯಿತು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು ನಿಜ, ಆದರೆ ಈ ವರ್ಷ ಅದಕ್ಕೆ ತಕ್ಕ ಕಾರಣವೂ ಇತ್ತು. ಕಾಲೇಜು ಸೇರಬೇಕೆನ್ನುವವರಿಗೆಂದೇ ನಡೆಸುವ ಉನ್ನತ ಜೀವಶಾಸ್ತ್ರದ ತರಗತಿಗೆ ಅವಳು ಹಟ ಹಿಡಿದು ಸೇರಿದ್ದಳು. ಪುಸ್ತಕ ಎತ್ತಿಕೊಂಡರೆ ಭುಜ ವಾಲುತ್ತಿತ್ತು. ಒಂದು ಅಧ್ಯಾಯ ಮುಗಿಸಿ ಉಸಿರು ಬಿಟ್ಟರೆ, ಆ ಉಸಿರು ಬಿಟ್ಟದ್ದು ಹೇಗೆಂದು ವಿವರಿಸುವ ಇನ್ನೊಂದು ಅಧ್ಯಾಯ ಕಾದಿರುತ್ತಿತ್ತು. ಜೀವಕೋಶದೊಳಗೆ ಅಷ್ಟೊಂದು ಸಾಮಾನು ತುಂಬಿಟ್ಟವರಾರೋ, ಅವುಗಳಿಗೆಲ್ಲ ಹೆಸರಿಟ್ಟವರಾರೋ, ಇಬ್ಬರ ಮೇಲೂ ಅವಳಿಗೆ ಸಿಟ್ಟಿತ್ತು.

ಆದರೂ ಬಿಡುವಂತಿರಲಿಲ್ಲ. ಈ ವಿಷಯದಲ್ಲಿ ಪಾಸಾದರೆ ಪಶುವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ಇಲ್ಲ. ಅದರಲ್ಲೂ ಒಂದು ಕೊಕ್ಕೆ ಇತ್ತು. ಬರವಣಿಗೆಯಲ್ಲಿ ಎಷ್ಟೇ ಅಂಕ ಬಂದರೂ ಪ್ರಾಕ್ಟಿಕಲ್‌ನಲ್ಲಿ ಪಾಸಾಗದಿದ್ದರೆ ಕಾಲೇಜಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಸಲದ ಪ್ರಾಕ್ಟಿಕಲ್ ಹೃದಯದ್ದು. ಕುರಿಯ ಹೃದಯದಲ್ಲಿ ರಕ್ತನಾಳಗಳನ್ನು ಇದ್ದಲ್ಲೇ ಗುರುತಿಸಿ, ಸೂಜಿಗೆ ಹೆಸರಿನ ಚೀಟಿ ಸಿಕ್ಕಿಸಿ, ರಕ್ತ ಹರಿಯುವ ದಾರಿಯನ್ನು ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕು. ಪ್ರತಿವರ್ಷ ಹೃದಯ ಪೂರೈಸುತ್ತಿದ್ದವರು ಈ ವರ್ಷ ಕೈಯೆತ್ತಿಬಿಟ್ಟಾಗ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಆಗ ಎದ್ದು ನಿಂತು, "ನಮ್ಮಪ್ಪನ ಅಂಗಡಿ ಇದೆ, ನಾನು ತರಿಸಿಕೊಡ್ತೀನಿ ಮೇಡಂ," ಎಂದಿದ್ದು ಇದೇ ಸಿಡುಕಿ. ಈಗ ಇಡೀ ತರಗತಿಯ ಪ್ರಾಕ್ಟಿಕಲ್ ಅವಳ ತಲೆಯ ಮೇಲೆ ಬಂದು ಕೂತಿತ್ತು.

ಸಂಜೆ ಅಂಗಡಿಗೆ ಹೋದವಳು ಚೀಲ ಕೂಡ ಇಳಿಸಲಿಲ್ಲ.

"ಅಪ್ಪಾ, ಕೊಳವೆಗಳೆಲ್ಲಿ?"

ಅಪ್ಪ ಮರದ ದಿಮ್ಮಿಯನ್ನು ಉಜ್ಜುತ್ತಿದ್ದ. "ಯಾವ ಕೊಳವೆ?"

"ಗುಂಡಿಗೆ ಮೇಲಿನ ಕೊಳವೆ. ಏನೂ ಕತ್ತರಿಸಬೇಡಿ, ಇದ್ದ ಹಾಗೇ ಕೊಡಿ ಅಂತ ಹೇಳಿರ್ಲಿಲ್ವಾ?"

"ನೀನು ಹೇಳಿದ್ದೆ. ಇದ್ದ ಹಾಗೇ ಕೊಟ್ಟೆ. ಬರೀ ಕ್ಲೀನ್ ಮಾಡ್ದೆ ಅಷ್ಟೇ."

"ಕ್ಲೀನ್ ಮಾಡೋದು ಅಂದ್ರೆ ಅದನ್ನೇ ಕತ್ತರಿಸೋದಲ್ವಾ?"

"ಮತ್ತಿನ್ನೇನು? ಸ್ಕೂಲಿಗೆ ಹೋಗೋ ಸಾಮಾನು ಕಣಮ್ಮ. ನಿಮ್ಮ ಮೇಡಂ ಕೈಗೆ ಹೋಗೋದು. ಗಲೀಜಾಗಿ ಕಳಿಸಿದ್ರೆ ನಾಳೆ ನಿನ್ನನ್ನ ನೋಡಿ ಏನಂದ್ಕೊಳ್ಳಲ್ಲ ಅವರು? ಎಲ್ಲಾ ಗಿರಾಕಿಗೂ ಕೊಡೋದಕ್ಕಿಂತ ಚೆನ್ನಾಗಿ ಮಾಡಿದ್ದೀನಿ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಮ್ಮ, "ನಿನ್ನೆ ಊಟಕ್ಕೆ ಕರೆದ್ರೂ ಬರ್ಲಿಲ್ಲ ನಿಮ್ಮಪ್ಪ, ಅದನ್ನೇ ಉಜ್ಜುತಾ ಕೂತಿದ್ರು," ಎಂದಳು. ಅದನ್ನು ಕೇಳಿದ ಮೇಲೆ ಸಿಡುಕಿಗೆ ಬೈಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಪ್ರೀತಿಯಿಂದ ಕೆಡಿಸಿದವರನ್ನು ಬೈಯುವುದಕ್ಕೆ ಸರಿಯಾದ ಮಾತು ಯಾವ ಪುಸ್ತಕದಲ್ಲೂ ಇಲ್ಲ.

ಅವಳು ಚೀಲದಿಂದ ಪುಸ್ತಕ ತೆಗೆದು, ಇಡೀ ಪುಟದ ಹೃದಯದ ಚಿತ್ರವನ್ನು ತೂಕದ ಯಂತ್ರದ ಪಕ್ಕ ಹರಡಿದಳು. ಅಪ್ಪ ಕೈ ಒರೆಸಿಕೊಂಡು ಬಂದು ತುಂಬ ಹೊತ್ತು ನೋಡಿದ. ಒಂದು ಕಡೆ ಕೆಂಪು, ಒಂದು ಕಡೆ ನೀಲಿ.

"ನೀಲಿ ಗುಂಡಿಗೆ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ," ಎಂದ.

"ಅದು ಬಣ್ಣ ಅಪ್ಪಾ, ಅರ್ಥ ಆಗ್ಲಿ ಅಂತ ಹಾಕಿರೋದು. ನಿಮ್ಮ ಕಣ್ಣಿಗೆ ಬೀಳಬೇಕಾದ್ದು ಇದು, ಇದು, ಇದು. ಇವೆಲ್ಲ ಹಾಗೇ ಇರಬೇಕು."

"ಆಯ್ತಮ್ಮ, ಕತ್ತರಿಸಲ್ಲ. ಇಷ್ಟಕ್ಕೆಲ್ಲ ಮುಖ ಗಂಟು ಹಾಕ್ಕೋಬೇಡ."

ಮುಂದಿನ ವಾರದ ಡಬ್ಬಿಯಲ್ಲಿ ಕೊಳವೆಗಳಿದ್ದವು. ಮೇಡಂ ಮುಖ ಅರಳಿತು, ಸಿಡುಕಿಯ ಎದೆ ಹಗುರಾಯಿತು. ಎಲ್ಲರೂ ಕೈಗವಸು ಹಾಕಿಕೊಂಡು, ಒಂದೊಂದನ್ನು ಟ್ರೇಯಲ್ಲಿಟ್ಟು ತಿರುಗಿಸಿದರೆ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಸೀಳು. ಅಪ್ಪ ಕೊಳವೆಗಳನ್ನು ಮುಟ್ಟಿರಲಿಲ್ಲ. ಒಳಗೆ ಹೆಪ್ಪುಗಟ್ಟಿದ ರಕ್ತ ಇರುತ್ತದೆ, ಮಕ್ಕಳು ಕೈ ಹಾಕುವ ಜಾಗ, ತೊಳೆದೇ ಕೊಡೋಣ ಎಂದು ಪ್ರತಿಯೊಂದನ್ನೂ ಸೀಳಿ, ನಲ್ಲಿಯ ಕೆಳಗೆ ಹಿಡಿದು, ಒಳಗಿನದೆಲ್ಲ ಬಳಿದು ಹಾಕಿದ್ದ. ಕವಾಟಗಳು ಹರಿದುಹೋಗಿದ್ದವು. ಎಡ ಬಲಗಳ ನಡುವಿನ ಗೋಡೆಯಲ್ಲಿ ಕಿಂಡಿ ಬಿದ್ದಿತ್ತು.

ಮೇಡಂ ಕುರ್ಚಿ ಎಳೆದು ಕೂತರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ನೋಡಮ್ಮ, ಇನ್ನು ಉಳಿದಿರೋದು ಪರೀಕ್ಷೆ ದಿನ ಮಾತ್ರ. ಅವತ್ತು ಸರಿಯಾದ ಹೃದಯ ಬರ್ಲಿಲ್ಲ ಅಂದ್ರೆ ಯಾರಿಗೂ ಪ್ರಾಕ್ಟಿಕಲ್ ಇಲ್ಲ. ಪ್ಲಾಸ್ಟಿಕ್ ಮಾದರಿ ತೋರಿಸಿ ಅಂಕ ಕೊಡಿ ಅಂದ್ರೆ ಪರೀಕ್ಷಕರು ಒಪ್ಪಲ್ಲ. ನಿಮ್ಮಪ್ಪನಿಗೆ ನಾನು ಬಂದು ಹೇಳ್ಲಾ?"

"ಬೇಡ ಮೇಡಂ, ನಾನೇ ಹೇಳ್ತೀನಿ," ಎಂದಳು ಸಿಡುಕಿ. ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗಿತ್ತು.

ಹೇಳಿದಳು. ಸುಮ್ಮನೆ ಹೇಳಲಿಲ್ಲ, ಅಂಗಡಿಯಲ್ಲಿ ಗಿರಾಕಿಗಳಿರುವಾಗಲೇ ಹೇಳಿದಳು. ನಿಮಗೆ ಹೇಳೋದೂ ಒಂದೇ, ಈ ಗೋಡೆಗೆ ಹೇಳೋದೂ ಒಂದೇ ಎಂದಳು. ನಿಮ್ಮ ಕೈ ನಿಮ್ಮ ಮಾತು ಕೇಳಲ್ವಾ ಎಂದಳು. ನಿಮ್ಮಿಂದ ಇಡೀ ಕ್ಲಾಸಿನವರ ಭವಿಷ್ಯ ಹಾಳಾಗುತ್ತೆ ಎಂದಳು. ಅಪ್ಪ ಎಲ್ಲಕ್ಕೂ ತಲೆ ಅಲ್ಲಾಡಿಸಿದ. ಕೊನೆಗೆ ಮಾತ್ರ, "ಕೈ ತಾನಾಗಿ ಹೋಗುತ್ತಮ್ಮ," ಎಂದ.

"ತಾನಾಗಿ ಹೇಗೆ ಹೋಗುತ್ತೆ? ಕೈಗೇನು ಬೇರೆ ತಲೆ ಇದೆಯಾ? ಮೆದುಳು ಹೇಳಿದ್ರೆ ತಾನೇ ಕೈ ಅಲ್ಲಾಡೋದು?" ನರಮಂಡಲದ ಅಧ್ಯಾಯ ಆಗಷ್ಟೇ ಮುಗಿದಿತ್ತು. ಸಿಡುಕಿ ಅದನ್ನು ಅಪ್ಪನ ಮೇಲೆ ಪೂರ್ತಿ ಪ್ರಯೋಗಿಸಿದಳು.

ಅಪ್ಪನ ಕೈಯನ್ನು ಅವಳು ನೋಡದವಳೇನಲ್ಲ. ಚಿಕ್ಕವಳಿದ್ದಾಗ ರಜಾದಿನಗಳಲ್ಲಿ ಸ್ಟೂಲಿನ ಮೇಲೆ ನಿಂತು, ಸಣ್ಣ ಚಾಕು ಹಿಡಿದು, ಅವನ ಜೊತೆಗೇ ಕೆಲಸ ಮಾಡಿದ್ದಳು. ಉನ್ನತ ತರಗತಿಗೆ ಸೇರಿದಾಗಿನಿಂದ ಅಂಗಡಿಯಲ್ಲಿ ಚಾಕು ಮುಟ್ಟಿರಲಿಲ್ಲ, ಓದೋದಿದೆ ಎನ್ನುತ್ತಿದ್ದಳು. ಓದುವುದೂ ಇತ್ತು. ಆದರೆ ಪುಸ್ತಕದ ಪುಟಕ್ಕೆ ಅಂಗಡಿಯ ವಾಸನೆ ಅಂಟಬಾರದು ಎಂಬುದೂ ಇತ್ತು.

ಪರೀಕ್ಷೆಯ ಹಿಂದಿನ ದಿನ ಅವಳು ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳಲಿಲ್ಲ. ಶಾಲೆ ಮುಗಿಯುತ್ತಲೇ ಅಂಗಡಿಗೆ ಬಂದು, ಸರಕು ಬರುವ ಹೊತ್ತಿಗೆ ಅಪ್ಪನ ಪಕ್ಕದಲ್ಲೇ ಕಾವಲು ನಿಂತಳು. ಗುಂಡಿಗೆಗಳು ಬಂದವು. ಕೊಬ್ಬು, ಪೊರೆ, ಉದ್ದುದ್ದ ಕೊಳವೆಗಳು, ಅಂಚಿನಲ್ಲಿ ಕಪ್ಪುಗಟ್ಟಿದ ರಕ್ತ, ಎಲ್ಲವೂ ಹಾಗೇ ಇದ್ದವು. ನೋಡಲು ಅಸಹ್ಯವಾಗಿದ್ದವು. ಸಿಡುಕಿಗೆ ಅವುಗಳಷ್ಟು ಚೆಂದದ್ದು ಲೋಕದಲ್ಲಿ ಬೇರೆ ಇಲ್ಲವೆನಿಸಿತು.

ಅಪ್ಪನ ಕೈ ಚಾಕುವಿನ ಕಡೆ ಹೋಯಿತು.

"ಅಪ್ಪಾ."

"ಆ ಒಂದು ಪೊರೆ ಮಾತ್ರ. ನೇತಾಡ್ತಿದೆ ನೋಡು."

"ನೇತಾಡ್ಲಿ."

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲೇ ಬಟ್ಟೆ ಇಸ್ತ್ರಿ ಮಾಡುವ ಮುದುಕ, ಅಂಗಡಿಯ ಹಳೇ ಗಿರಾಕಿ, ಒಳಗೆ ಬಂದು ಗಲ್ಲಾದ ಪಕ್ಕ ಗುಂಡಿಗೆಗಳಿದ್ದ ತಟ್ಟೆಯನ್ನು ನೋಡಿದ.

"ಏನಯ್ಯಾ ಇದು? ಕಣ್ಣು ಮಂಜಾಯ್ತಾ, ಇಲ್ಲಾ ಚಾಕು ಮೊಂಡಾಯ್ತಾ? ನಿನ್ನ ಅಂಗಡೀಲಿ ಇಂಥ ಸರಕು ಕಾಣ್ತೀನಿ ಅಂದ್ಕೊಂಡಿರ್ಲಿಲ್ಲ."

ಅಪ್ಪ ತಲೆ ತಗ್ಗಿಸಿ ಅವನಿಗೆ ಬೇಕಾದ್ದನ್ನು ತೂಗಿ ಕೊಟ್ಟ. ಅವನು ಹೋದ ಮೇಲೆ ಸಿಡುಕಿಯೇ ಕೈಗವಸು ಹಾಕಿಕೊಂಡು ಗುಂಡಿಗೆಗಳನ್ನು ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಆ ಪಟ್ಟಿಯ ಮೇಲೆ ತನ್ನ ಸಹಿ ಹಾಕಿದಳು.

"ನಂಬಿಕೆ ಇಲ್ಲ ನಿನಗೆ," ಎಂದ ಅಪ್ಪ.

"ಇಲ್ಲ," ಎಂದಳು ಸಿಡುಕಿ.

ಮರುದಿನ ಡಬ್ಬಿ ಬಿಚ್ಚಿದಾಗ ಮೇಡಂ ಮೊದಲ ಸಲ ಅವಳ ಬೆನ್ನು ತಟ್ಟಿದರು. ಪ್ರತಿ ಟ್ರೇಯಲ್ಲೂ ಒಂದೊಂದು ಪೂರ್ತಿ ಹೃದಯ ಬಂತು, ಹೆಚ್ಚಿನದೊಂದೂ ಇರಲಿಲ್ಲ. ಕೆಲವರು ಮೂಗು ಮುಚ್ಚಿಕೊಂಡರು. ಪಕ್ಕದ ಬೆಂಚಿನ ಹುಡುಗಿ ಬಿಳಿಚಿಕೊಂಡು, "ಯಾವುದು ಮುಂದೆ, ಯಾವುದು ಹಿಂದೆ?" ಎಂದು ಪಿಸುಗುಟ್ಟಿದಳು. ಸಿಡುಕಿ ಗತ್ತಿನಲ್ಲಿ ತೋರಿಸಿಕೊಟ್ಟಳು. ಏನೇ ಆಗ್ಲಿ ಕತ್ತರಿ ಹಾಕಬೇಡ, ನೆನಪಿಟ್ಕೋ ಎಂದು ಬುದ್ಧಿಯನ್ನೂ ಹೇಳಿದಳು. ಅವತ್ತು ಅವಳಿಗೆ ಯಾವ ಹೆಸರೂ ಮರೆತಿರಲಿಲ್ಲ. ಪುಸ್ತಕ ಕೊನೆಗೂ ಅವಳ ಕೈಗೆ ಸಿಕ್ಕಿತ್ತು.

ಪರೀಕ್ಷಕರು ಸಣ್ಣ ಆಳು, ಅಳತೆಗಿಂತ ದೊಡ್ಡದಾದ ಬಿಳಿ ಕೋಟು. ಒಬ್ಬೊಬ್ಬರ ಮುಂದೆಯೂ ನಿಂತು, ಕೇಳಿ, ಬರೆದುಕೊಂಡು, ಅವಳ ಬೆಂಚಿಗೆ ಬಂದರು. ಅವಳು ಪೊರೆ ಬಿಡಿಸಲು ಆಗಷ್ಟೇ ಚಾಕು ಎತ್ತಿಕೊಂಡಿದ್ದಳು.

"ಎಡ ಹೃತ್ಕುಕ್ಷಿಯ ಗೋಡೆ ಬಲಗಡೇದಕ್ಕಿಂತ ಯಾಕಮ್ಮ ದಪ್ಪ?"

ಉತ್ತರ ನೀರು ಹರಿದಂತೆ ಬಂತು. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ರಕ್ತ ತಳ್ಳಬೇಕು, ಎಡಗಡೆಯದು ಇಡೀ ಮೈಗೆ ತಳ್ಳಬೇಕು ಎಂದಳು. ಅವರು ಕವಾಟಗಳ ಬಗ್ಗೆ ಕೇಳಿದರು. ಅವು ಹಿಂದುಮುಂದಾಗಿ ಮಗುಚದಂತೆ ಹಿಡಿದಿಡುವ ಎಳೆಗಳ ಹೆಸರನ್ನೂ ಹೇಳಿದಳು. ಹೇಳುವಾಗ ಅವಳ ಕಣ್ಣು ಅವರ ಮುಖದ ಮೇಲೇ ಇತ್ತು, ಅವರು ಒಪ್ಪಿಕೊಂಡು ತಲೆದೂಗುವುದು ಅವಳಿಗೆ ಕಾಣುತ್ತಿತ್ತು. ಇದೆಲ್ಲ ನಡೆಯುವಾಗ ಕೈಗಳೇನು ಮಾಡುತ್ತಿವೆ ಎಂಬುದರ ಕಡೆ ಅವಳ ಗಮನವಿರಲಿಲ್ಲ. ಪರೀಕ್ಷಕರ ಗಮನವಿತ್ತು. ಪರೀಕ್ಷೆಯ ನಡುವೆ ತಡೆಯುವ ಹಾಗಿಲ್ಲ ಎಂಬ ನಿಯಮಕ್ಕೆ ಕಟ್ಟುಬಿದ್ದು ಸುಮ್ಮನಿದ್ದರು.

"ತುಂಬಾ ಚೆನ್ನಾಗಿ ಹೇಳಿದೆ," ಎಂದರು. "ಈಗ ಮಹಾಪಧಮನಿ ತೋರಿಸು."

ಸಿಡುಕಿ ಕೆಳಗೆ ನೋಡಿದಳು. ಟ್ರೇಯ ನಡುವೆ ಗುಂಡಿಗೆ ಕೂತಿತ್ತು. ಕೊಬ್ಬಿನ ಎಳೆಯಿಲ್ಲ, ಪೊರೆಯಿಲ್ಲ, ಮೇಲ್ಭಾಗ ಒಂದೇ ಮಟ್ಟಕ್ಕೆ ನುಣ್ಣಗೆ ಕತ್ತರಿಸಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದೊಂದೇ ಬಾಕಿ. ಎಡಗೈ ಪಕ್ಕದಲ್ಲಿ ಕಸಕ್ಕೆಂದು ಒಟ್ಟಿದ ಸಣ್ಣ ಗುಡ್ಡೆಯಿತ್ತು.

ಮೇಡಂ ಆ ಕಡೆಯಿಂದ ಬಂದು ನೋಡಿ, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿನ ಮೇಲಿಳಿಸಿದರು. ಪಕ್ಕದ ಹುಡುಗಿಯ ಟ್ರೇಯಲ್ಲಿ ಕೊಳವೆಗಳೆಲ್ಲ ನೆಟ್ಟಗೆ ನಿಂತು ಚೀಟಿ ಸಿಕ್ಕಿಸಿಕೊಂಡಿದ್ದವು.

ಸಿಡುಕಿ ಸುಮ್ಮನೆ ನಿಲ್ಲಲಿಲ್ಲ. ಕಸದ ಗುಡ್ಡೆಯನ್ನು ಮುಂದಕ್ಕೆಳೆದುಕೊಂಡು ಒಂದೊಂದೇ ತುಂಡನ್ನು ಬೆರಳಲ್ಲಿ ಒತ್ತಿ ನೋಡಿದಳು. ಒತ್ತಿದರೂ ಮತ್ತೆ ಉಂಗುರದಂತೆ ತೆರೆದುಕೊಂಡದ್ದು ಮಹಾಪಧಮನಿ. ಅದಕ್ಕಿಂತ ತೆಳುವಾದದ್ದು ಶ್ವಾಸಕೋಶಕ್ಕೆ ಹೋಗುವುದು. ಒತ್ತಿದೊಡನೆ ಚಪ್ಪಟೆಯಾಗಿ ಬಿದ್ದುಕೊಂಡದ್ದು ಮಹಾಭಿಧಮನಿ. ಕತ್ತರಿಸಿದ ಅಂಚಿಗೆ ಅಂಚು ಹೊಂದಿಸಿ ಒಂದೊಂದನ್ನೂ ಅದರದರ ಜಾಗದಲ್ಲಿ ಸೂಜಿಯಿಂದ ನಿಲ್ಲಿಸಿ, ಚೀಟಿ ಸಿಕ್ಕಿಸಿದಳು. ಒಂದೂ ತಪ್ಪಲಿಲ್ಲ.

ಪರೀಕ್ಷಕರು ಬಗ್ಗಿ ಎಲ್ಲವನ್ನೂ ನೋಡಿದರು.

"ಗುರುತಿಸಿದ್ದೆಲ್ಲ ಸರಿ. ಆದ್ರೆ ರಕ್ತನಾಳಗಳನ್ನ ಕತ್ತರಿಸಬಾರದು ಅಂತ ನಿಯಮದ ಮೊದಲ ಸಾಲಲ್ಲೇ ಇದೆ. ನಾನು ಪಾಸ್ ಹಾಕೋ ಹಾಗಿಲ್ಲಮ್ಮ. ಮುಂದಿನ ವಾರ ಮರುಪರೀಕ್ಷೆ ಇದೆ. ಅದಕ್ಕೆ ಹೃದಯ ನೀನೇ ತರಬೇಕು." ಹೊರಡುವವರು ತಿರುಗಿ ಕೇಳಿದರು, "ಇಷ್ಟು ನೀಟಾಗಿ ಕತ್ತರಿಸೋದು ನಾನೆಲ್ಲೂ ನೋಡಿಲ್ಲ. ಯಾರು ಕಲಿಸಿದ್ದು?"

ಸಿಡುಕಿ ಕೈಗವಸು ಕಳಚಿ ಟ್ರೇಯ ಪಕ್ಕದಲ್ಲಿಟ್ಟಳು.

ಉಳಿದವರೆಲ್ಲ ಪಾಸಾಗಿ ಗದ್ದಲ ಮಾಡುತ್ತ ಹೊರಟರು. ಅವಳು ಬೇರೆ ಬೀದಿ ಹಿಡಿದು ನಡೆದಳು. ದಾರಿಯುದ್ದಕ್ಕೂ ಯಾರನ್ನು ಬೈಯಲಿ ಎಂದು ಹುಡುಕಿದಳು. ನಿಯಮ ಬರೆದವರನ್ನು ಬೈದಳು, ಮಾತಿಗೆಳೆದ ಪರೀಕ್ಷಕರನ್ನು ಬೈದಳು, ಚಿಕ್ಕ ಮಗುವಿನ ಕೈಗೆ ಚಾಕು ಕೊಟ್ಟ ಅಪ್ಪನನ್ನು ಎಲ್ಲರಿಗಿಂತ ಹೆಚ್ಚು ಬೈದಳು. ಆದರೆ ಬೈಗುಳಕ್ಕೆ ಜೋರೇ ಬರಲಿಲ್ಲ. ನಿಮ್ಮ ಕೈ ನಿಮ್ಮ ಮಾತು ಕೇಳಲ್ವಾ ಎಂದು ಗಿರಾಕಿಗಳೆದುರು ಕೂಗಿದ್ದು ಅವಳಿಗೇ ಕೇಳಿಸುತ್ತಿತ್ತು, ನಾಚಿಕೆಯಿಂದ ಮುಖ ಸುಡುತ್ತಿತ್ತು.

ಅಂಗಡಿಯಲ್ಲಿ ಆ ಹೊತ್ತಿಗೆ ಗಿರಾಕಿಗಳಿರಲಿಲ್ಲ. ಅವಳ ಮುಖ ನೋಡಿದ್ದೇ ಅಪ್ಪನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಏನಾಯ್ತು? ಮತ್ತೆ ನಾನೇ ಏನೋ ಕೆಡಿಸಿದೆನಾ?" ಎಂದ. "ಡಬ್ಬಿಗೆ ಹಾಕೋಕ್ಮುಂಚೆ ಎತ್ತಿಡುವಾಗ ಒಂದಕ್ಕೆ ನನ್ನ ಬೆರಳು ತಾಗಿತ್ತು. ಅದೇ ಇರಬೇಕು. ನಿಮ್ಮ ಮೇಡಂ ಹತ್ರ ನಾನೇ ಬಂದು ಕೈಮುಗಿದು ಕೇಳ್ಕೋತೀನಿ, ನಿನ್ನ ತಪ್ಪಿಲ್ಲ ಅಂತ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ನಂಬಿಯೂ ಬಿಡುತ್ತಿದ್ದ. ಇಷ್ಟು ದಿನ ಅವಳೇ ಅಷ್ಟು ಚೆನ್ನಾಗಿ ನಂಬಿಸಿಟ್ಟಿದ್ದಳು. ಒಂದು ಕ್ಷಣ ಅವಳು ಆ ಸುಳ್ಳಿನ ಹೊಸ್ತಿಲಲ್ಲಿ ನಿಂತದ್ದು ನಿಜ.

"ನಿಮ್ದೇನೂ ಇಲ್ಲ ಅಪ್ಪಾ. ಎಲ್ಲಾ ಸರಿ ಇತ್ತು," ಎಂದಳು. "ನಾನೇ ಕತ್ತರಿಸಿಬಿಟ್ಟೆ."

"ಏನನ್ನ?"

"ಕೊಳವೆಗಳನ್ನ. ಎಲ್ಲಾನೂ. ಮಾತಾಡ್ತಾ ಇದ್ದೆ, ಕೈ ತಾನಾಗಿ ಹೋಯ್ತು."

ಅಪ್ಪ ನಗಲಿಲ್ಲ. ಬೈಯಲೂ ಇಲ್ಲ. ಅವಳ ಕಣ್ಣಲ್ಲಿ ನೀರು ನಿಂತಿದ್ದನ್ನು ನೋಡಿ, ಕೈ ಚಾಚಿ, ಕೈಗೆ ಕೊಬ್ಬು ಮೆತ್ತಿದೆಯೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

"ಕೊಬ್ಬು?"

"ತೆಗೆದೆ."

"ಪೊರೆ ಹರಿಯದ ಹಾಗೆ ಬಂತಾ?"

"ಒಂದೇ ಎಳೆತಕ್ಕೆ ಬಂತು."

"ಎಷ್ಟು ಹೊತ್ತು ಹಿಡೀತು?"

"ಅವರು ಎರಡು ಪ್ರಶ್ನೆ ಕೇಳೋ ಅಷ್ಟು ಹೊತ್ತು. ಇಷ್ಟು ನೀಟಾಗಿ ಮಾಡಿದ್ದು ಎಲ್ಲೂ ನೋಡಿಲ್ಲ ಅಂದ್ರು ಪರೀಕ್ಷಕರು. ಅಂದುಬಿಟ್ಟು ಫೇಲ್ ಮಾಡಿದ್ರು."

ಅಪ್ಪ ತಟ್ಟನೆ ಗೋಡೆಯ ಕಡೆ ತಿರುಗಿಕೊಂಡ. ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಿವಿಯ ಹಿಂದಿನ ಚರ್ಮ ಮಾತ್ರ ಮೇಲಕ್ಕೆ ಸರಿದು ಸುಕ್ಕುಗಟ್ಟಿತು.

"ಅಪ್ಪಾ, ನಗ್ತಿದ್ದೀರಾ?"

"ಇಲ್ಲಮ್ಮ."

"ನಾನು ಫೇಲಾಗಿದ್ದೀನಿ."

"ಗೊತ್ತಮ್ಮ, ಗೊತ್ತು. ತುಂಬಾ ಬೇಜಾರಾಗಿದೆ ನಂಗೆ," ಎಂದ ಅಪ್ಪ. ದನಿಯಲ್ಲಿ ಬೇಜಾರು ಸ್ವಲ್ಪವೂ ಇರಲಿಲ್ಲ. ಸಿಡುಕಿಗೆ ಪಿತ್ತ ನೆತ್ತಿಗೇರಿತು, ಅದೇ ಹೊತ್ತಿಗೆ ಅವನನ್ನು ತಬ್ಬಿಕೊಳ್ಳಬೇಕು ಎಂದೂ ಅನಿಸಿತು. ಎರಡನ್ನೂ ಮಾಡಲಾಗದೆ ಅವಳು ಮರದ ದಿಮ್ಮಿಗೆ ಒರಗಿ ಮೂಗು ಒರೆಸಿಕೊಂಡಳು.

"ಮುಂದಿನ ವಾರಕ್ಕೆ ಇನ್ನೊಂದು ಬೇಕು," ಎಂದಳು.

ಅಪ್ಪ ಈ ಕಡೆ ತಿರುಗಿದ. ತನ್ನ ಕೈ ನೋಡಿಕೊಂಡ, ಅವಳ ಕೈ ನೋಡಿದ, ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದ ಅಮ್ಮನನ್ನು ನೋಡಿದ.

"ತರಿಸ್ತೀನಿ," ಎಂದ. "ಆದ್ರೆ ಡಬ್ಬಿಗೆ ನಿಮ್ಮಮ್ಮ ಹಾಕ್ಲಿ. ನಾವಿಬ್ಬರೂ ಆ ಹೊತ್ತಿಗೆ ಅಂಗಡಿ ಹೊರಗೆ ನಿಂತಿರೋಣ."